ಕೋಡ್ ಸೇರಿದೊಡನೆ ಬರುವ ಇಮೇಲ್: ಒಂದು ಮಳೆಗಾಲದ ಬಳಕೆಯ ನಂತರ
ತೀರ್ಥಹಳ್ಳಿ, ಸಾಗರ ಮತ್ತು ಶಿವಮೊಗ್ಗದ ಮನೆಗಳಿಂದಲೇ ಕೆಲಸ ಮಾಡುವ ನಾವು ಐವರು, ಅಡಿಕೆ ವ್ಯಾಪಾರದ ಲೆಕ್ಕ ಇಡುವ ತಂತ್ರಾಂಶವೊಂದರ ಕೋಡನ್ನು, ತಂಡಗಳು ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟಿದ್ದೇವೆ. ಯಾರಾದರೂ ಕೋಡ್ ಪುಶ್ ಮಾಡಿದ (ತಮ್ಮ ಬದಲಾವಣೆಗಳನ್ನು ಅಲ್ಲಿಗೆ ಕಳುಹಿಸಿದ) ಕೂಡಲೇ ಇಮೇಲ್ ಕಳುಹಿಸುವ ಅಲ್ಲಿನ ಸೌಲಭ್ಯ ನನಗೆ ಬಹಳ ಮೆಚ್ಚುಗೆಯಾಗಿದೆ. ರೆಪಾಸಿಟರಿಯ (ಕೋಡ್ ಇಟ್ಟಿರುವ ಭಂಡಾರದ) ಸೆಟ್ಟಿಂಗ್ಸ್‌ನಲ್ಲಿ ವಿಳಾಸ ಬರೆದರೆ ಮುಗಿಯಿತು.

ಬದಲಾವಣೆ ಮಾಡಿದವರ ಹೆಸರು, ದಿನಾಂಕ, ಬ್ರಾಂಚ್ (ಕೋಡಿನ ಯಾವ ಕವಲು ಎಂಬುದು), ಬದಲಾದ ಕಡತಗಳ ಪಟ್ಟಿ, ಕಮಿಟ್ ಸಂದೇಶ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಎಲ್ಲವೂ ಪತ್ರದಲ್ಲಿಯೇ ಇರುವುದರಿಂದ, ಆಷಾಢದ ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಹೋದ ಮೇಲೂ ಮೊಬೈಲಿಗೆ ಮೊದಲೇ ಇಳಿದ ಪತ್ರವನ್ನು ಓದಿ, ಯಾರು ಯಾವ ಕಡತವನ್ನು ಮುಟ್ಟಿದ್ದಾರೆಂದು ತಿಳಿಯಬಹುದು. ಸಾಲುಸಾಲಾಗಿ ಏನು ಬದಲಾಯಿತೆಂದು ನೋಡಲು ಮಾತ್ರ ಪತ್ರದಲ್ಲಿರುವ ಕೊಂಡಿಯನ್ನು ತೆರೆಯಬೇಕು, ಅದಕ್ಕೆ ನೆಟ್‌ವರ್ಕ್ ಬೇಕೇ ಬೇಕು. ಎಲ್ಲರೂ ಓದುತ್ತಾರೆಂಬ ಅರಿವಿನಿಂದ ನಮ್ಮ ಕಮಿಟ್ ಸಂದೇಶಗಳೂ ಸ್ಪಷ್ಟವಾದದ್ದು ನಾನು ನಿರೀಕ್ಷಿಸದ ಲಾಭ.

ವಿಳಾಸಗಳು 2ಕ್ಕೆ ಸೀಮಿತವಾದ್ದರಿಂದ ಐವರಿಗೂ ತಲುಪುವ ಒಂದು ಗುಂಪು ವಿಳಾಸ ಮಾಡಿಕೊಂಡೆವು. ಸ್ವಂತ ಸರ್ವರ್‌ನಲ್ಲಿ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಇಟ್ಟುಕೊಂಡವರು, ಪುಶ್ ಬಂದು ಸೇರಿದ ಮೇಲೆ ತಾನಾಗಿ ಓಡುವ ಪೋಸ್ಟ್-ರಿಸೀವ್ ಹುಕ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಇದೇ ಕೆಲಸ ಮಾಡಿಸಬಹುದು; ಆದರೆ ಆಗ ಮೇಲ್ ಕಳುಹಿಸುವ ವ್ಯವಸ್ಥೆಯ ಉಸ್ತುವಾರಿಯೂ ಅವರದೇ ಆಗುತ್ತದೆ.