ಪಿ.ಜೆ. ಬಡಾವಣೆಯ ಬ್ಯಾಲೆನ್ಸ್ ಶೀಟ್ ತರಗತಿ: ಹೋಗಬಹುದಾ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ವಾರಾಂತ್ಯಕ್ಕೆ ಒಂದು ಸಣ್ಣ ತರಗತಿ ನಡೆಯುತ್ತದೆ. ಕಂಪನಿಗಳ ವಾರ್ಷಿಕ ವರದಿ ಓದೋದನ್ನು ಹೇಳಿಕೊಡುತ್ತಾರೆ. ಯಾವ ಷೇರು ತಗೋಬೇಕು ಅಂತ ಯಾರೂ ಹೇಳುವುದಿಲ್ಲ, ಅದಕ್ಕೇ ನನಗೆ ಇಷ್ಟವಾಯಿತು.

ಕೊಟ್ಟ ಫೀಸು ವಸೂಲಾಗಿದ್ದು ಇನ್ವೆಸ್ಟ್‌ಮೆಂಟ್ ಬ್ಯಾಂಕ್‌ಗಳ, ಅಂದರೆ ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಷೇರು-ಬಾಂಡ್ ವಹಿವಾಟು ನಡೆಸುವ ಬ್ಯಾಂಕ್‌ಗಳ ಪಾಠದಲ್ಲಿ. 'ನಗದು ಮತ್ತು ನಗದಿಗೆ ಸಮಾನ' ಅನ್ನೋ ಒಂದೇ ಸಾಲನ್ನು ಹಿಡಿದುಕೊಂಡು ಮೇಷ್ಟ್ರು ಬೆಳಗ್ಗೆಯೆಲ್ಲ ಮಾತಾಡಿದರು. ಕೈಯಲ್ಲಿರುವ ದುಡ್ಡು, ಕೇಳಿದ ಕೂಡಲೇ ಸಿಗುವ ಠೇವಣಿ, ಕೊಳ್ಳುವಾಗ ಮೂರು ತಿಂಗಳೋ ಅದಕ್ಕಿಂತ ಕಡಿಮೆಯೋ ಅವಧಿ ಇರುವ ಟ್ರೆಷರಿ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಥರದ್ದು, ಇವೆಲ್ಲ ಆ ಸಾಲಿಗೆ ಸೇರುತ್ತವೆ. ಇಷ್ಟು ಬಿ.ಕಾಂ. ಪುಸ್ತಕದಲ್ಲೂ ಇದೆ, ಬಿಡಿ. ಆದರೆ ಅಮೆರಿಕದ ಇಂಥ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2023ರ ಕೊನೆಗೆ ತೋರಿಸಿದ ಸುಮಾರು 24,200 ಕೋಟಿ ಡಾಲರ್ ಪರದೆ ಮೇಲೆ ಬಂದಾಗ ಅವರು ಆ ಮೊತ್ತವನ್ನು ಹೊಗಳಲಿಲ್ಲ, ನೇರವಾಗಿ ಟಿಪ್ಪಣಿಗಳಿಗೆ ಹೋಗಿ ನಿಯಮದ ಪ್ರಕಾರ ಬೇರೆ ತೆಗೆದಿಟ್ಟ ನಗದು ಎಷ್ಟು ಅಂತ ಹುಡುಕಿಸಿದರು. ಬೇರೆ ಇಟ್ಟ ದುಡ್ಡನ್ನು ಬ್ಯಾಂಕ್ ತನ್ನ ಸಾಲ ತೀರಿಸೋಕೆ ಬಳಸೋ ಹಾಗಿಲ್ಲ, ಅಲ್ವಾ?

ಆಮೇಲೆ ಬಂದಿದ್ದು ಮುಳುಗಿಹೋದ ಅಮೆರಿಕದ ಇನ್ನೊಂದು ಬ್ಯಾಂಕ್, ಲೇಮನ್ ಬ್ರದರ್ಸ್. 2008ರ ಸೆಪ್ಟೆಂಬರ್ 10ರಂದು ತನ್ನ ಹತ್ತಿರ ಸುಮಾರು 4,100 ಕೋಟಿ ಡಾಲರ್ ಲಿಕ್ವಿಡಿಟಿ (ಬೇಕೆಂದಾಗ ನಗದು ಮಾಡಬಹುದಾದ ಆಸ್ತಿ) ಇದೆ ಅಂತ ಹೇಳಿಕೊಂಡಿತ್ತು. 15ನೇ ತಾರೀಕು ದಿವಾಳಿ ಅರ್ಜಿ! ಕೋರ್ಟ್ ನೇಮಿಸಿದ ಪರೀಕ್ಷಕರ ವರದಿ ಪ್ರಕಾರ 12ನೇ ತಾರೀಕಿಗೆ ತಕ್ಷಣ ನಗದು ಮಾಡಬಹುದಾಗಿದ್ದು 200 ಕೋಟಿ ಡಾಲರ್‌ಗಿಂತ ಕಡಿಮೆ. ತನ್ನ ವಹಿವಾಟುಗಳ ಪಾವತಿ ಮುಗಿಸಿಕೊಡುವ ಕ್ಲಿಯರಿಂಗ್ ಬ್ಯಾಂಕ್‌ಗಳಿಗೆ ಅಡವಾಗಿ ಕೊಟ್ಟಿದ್ದನ್ನೂ ಲೇಮನ್ ತನ್ನ ಲೆಕ್ಕದಲ್ಲೇ ಇಟ್ಟುಕೊಂಡಿತ್ತು. ಹಿಂದೆ ಕೂತಿದ್ದ ಒಬ್ಬ ವ್ಯಾಪಾರಿ, ಗೋದಾಮಿನ ಮೆಕ್ಕೆಜೋಳ ಅಡವಿಟ್ಟು ಸಾಲ ತಂದವನು ಅದೇ ಜೋಳ ತೋರಿಸಿ ಎ.ಪಿ.ಎಂ.ಸಿ.ಯಲ್ಲಿ ಶ್ರೀಮಂತ ಅನ್ನಿಸಿಕೊಂಡ ಹಾಗೆ ಅಂದರು. ಎಲ್ಲರಿಗೂ ತಟ್ಟನೆ ಅರ್ಥವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಅಂಥದ್ದೇ ಇನ್ನೊಂದು ಬ್ಯಾಂಕ್ ಬೇರ್ ಸ್ಟರ್ನ್ಸ್ ಹತ್ತಿರ ಸುಮಾರು 1,800 ಕೋಟಿ ಡಾಲರ್ ಲಿಕ್ವಿಡಿಟಿ ಇದ್ದದ್ದು ಕೆಲವೇ ದಿನಗಳಲ್ಲಿ ಸುಮಾರು 200 ಕೋಟಿ ಡಾಲರ್‌ಗೆ ಇಳಿದಿತ್ತು. ರೆಪೋದಲ್ಲಿ, ಅಂದರೆ ಬಾಂಡ್ ಥರದ್ದನ್ನು ಅಡವಿಟ್ಟುಕೊಂಡು, ಒಂದು ರಾತ್ರಿಯ ಮಟ್ಟಿಗೆ ಸಾಲ ಕೊಡುವವರು ಮರುದಿನ ಬೇಡ ಅಂದರೆ ಮುಗೀತು. ಇಂಥ ಬ್ಯಾಂಕ್‌ನ ನಗದು ನೋಡುವಾಗ ಸಾಲ ಎಷ್ಟು ಬೇಗ ವಾಪಸ್ ಕೇಳಬಹುದು ಅನ್ನೋದನ್ನೂ ಪಕ್ಕದಲ್ಲೇ ಇಟ್ಟು ನೋಡಬೇಕು. ಇದನ್ನು ಇಷ್ಟು ಬಿಡಿಸಿ ಹೇಳೋರು ನಮ್ಮ ಊರಲ್ಲಿ ಸಿಕ್ಕಿದ್ದೇ ದೊಡ್ಡ ವಿಷಯ.

ಬೇಜಾರಿನ ಸಂಗತಿಗಳೂ ಇವೆ. ಪಾಠ ಚೆಂದದ ಕನ್ನಡದಲ್ಲಿ ನಡೆಯುತ್ತದೆ, ಆದರೆ ಕೈಗೆ ಕೊಡುವ ಹಾಳೆಗಳೆಲ್ಲ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದ ಹುಡುಗರು ಮನೆಗೆ ಹೋಗಿ ಓದೋಕೆ ಕಷ್ಟಪಡುತ್ತಾರೆ, ಇದನ್ನು ಅವರು ಬೇಗ ಸರಿಮಾಡಲೇಬೇಕು. ನಮ್ಮ ದೇಶದ ಬ್ರೋಕಿಂಗ್ ಕಂಪನಿಗಳ ಲೆಕ್ಕವನ್ನು ಕೊನೆಯಲ್ಲಿ ಓಡಿಸಿಬಿಟ್ಟರು. ನಮ್ಮ ಜನ ಷೇರು ಕೊಳ್ಳೋದು ಅವುಗಳ ಮೂಲಕವೇ ಅಲ್ವಾ, ಅದಕ್ಕೆ ಪೂರ್ತಿ ಒಂದು ದಿನ ಕೊಡಬೇಕಿತ್ತು. ಕೋಣೆಯೂ ಚಿಕ್ಕದು, ತಡವಾಗಿ ಬಂದರೆ ಪರದೆ ಸರಿಯಾಗಿ ಕಾಣುವುದಿಲ್ಲ.

ಸಿ.ಎ., ಎಂ.ಕಾಂ. ಓದುವವರು, ಉಳಿತಾಯದ ದುಡ್ಡು ಷೇರಿಗೆ ಹಾಕುವವರು ಖಂಡಿತ ಹೋಗಿ. ಸುಮ್ನೆ ಕೈ ಬೀಸಿಕೊಂಡು ಹೋಗಬೇಡಿ. ನೀವು ಷೇರು ಇಟ್ಟಿರುವ ಕಂಪನಿಯ ವರದಿಯಲ್ಲಿ ನಗದಿನ ಟಿಪ್ಪಣಿ ಇರುವ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ. ಪಾಠ ಮುಗಿದ ಮೇಲೆ ಮೇಷ್ಟ್ರು ಪಕ್ಕದಲ್ಲಿ ಕೂತು ಓದಿಸುತ್ತಾರೆ, ಅದಕ್ಕೆ ಬೇರೆ ಫೀಸು ಇಲ್ಲ.