ಊರಾಚೆ ಹೊಸ ಲೇಔಟಿನಲ್ಲಿ ಮನೆ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಮೊನ್ನೆ ಗೆಳೆಯರೊಬ್ಬರು ಅಂಗಡಿಗೆ ಬಂದು ಕೇಳಿದರು. "ಊರ ಹೊರಗ ಹೊಸ ಲೇಔಟಿನಾಗ ಮನಿ ನೋಡೀವಿ. ನೀವು ಅಂಥಾದ್ರಾಗೇ ಇದ್ರಲ್ಲ, ಹೆಂಗದ?" ಒಂದು ಚಹಾ ಮುಗಿಯೋದ್ರಲ್ಲಿ ಹೇಳುವ ಕಥೆ ಅಲ್ಲ ಅದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಿಲ್ಡರ್ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ. ಹೆಸರು ಹೇಳಿದರೆ ಅವನೊಬ್ಬನನ್ನು ಬಿಟ್ಟು ಪಕ್ಕದವನ ಹತ್ತಿರ ಹೋಗ್ತೀರಿ, ಅಷ್ಟೇ.

ಕಲಬುರಗಿಯಲ್ಲಿ ಒಂದೊಂದು ರೋಡಿಗೆ ಒಂದೊಂದು ಆಸೆ ಇದೆ. ಆಳಂದ ರೋಡಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಸೇಡಂ ರೋಡಿಗೆ ವಿಮಾನ ನಿಲ್ದಾಣ. 2019ರ ನವೆಂಬರ್‌ನಲ್ಲಿ ಅದು ಶುರುವಾದ ಮೇಲೆ ಆ ಕಡೆಯ ರೇಟು ಕೇಳಿಯೇ ನಾವು ಗಾಡಿ ತಿರುಗಿಸಿಕೊಂಡು ಬಂದವರು. ಹುಮನಾಬಾದ್ ರೋಡಿಗೆ ಹೈವೇ, ಜೊತೆಗೆ ರೈಲು. 2017ರಲ್ಲಿ ಬೀದರ್–ಕಲಬುರಗಿ ಲೈನ್ ಶುರುವಾಯಿತಲ್ಲ, ಬ್ರೋಕರ್ ಅದನ್ನು ತನ್ನ ಹೊಲದ ಬಾವಿ ತೋರಿಸಿದ ಹಾಗೆ ತೋರಿಸಿದ. "ರೈಲು ಬಾಜೂಕೇ ಅದ ನೋಡ್ರಿ ಸರ." ಬಾಜೂಕೆ ಇದ್ದದ್ದು ಹಳಿ. ನಿಲ್ದಾಣ ಅಲ್ಲ.

ನಾವು ಅಲ್ಲಿಗೆ ನೋಡಲು ಹೋಗಿದ್ದು ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಆ ಬ್ರೋಕರನದೇ ಎಸಿ ಕಾರಿನಲ್ಲಿ. ನಾವು ಮಾಡಿದ ಎಲ್ಲ ತಪ್ಪೂ ಈ ಒಂದು ಸಾಲಿನಲ್ಲಿದೆ. ಜನವರಿಯಲ್ಲಿ ನಮ್ಮ ಊರು ಎಷ್ಟು ಚೆಂದ ಇರುತ್ತದೆ ಅಂತ ಗೊತ್ತಲ್ಲ? ಬಿಸಿಲು ಹಿತವಾಗಿತ್ತು. ಸುತ್ತ ತೊಗರಿ ಆಗಷ್ಟೇ ಕೊಯ್ದಿದ್ದರು, ಒಣಗಿದ ಕಟ್ಟಿಗೆಯ ವಾಸನೆ. ರಸ್ತೆಗೆ ಕೆಂಪು ಮುರುಮು ಹಾಸಿ ರೋಲರ್ ಓಡಿಸಿದ್ದರು. ದೊಡ್ಡ ಕಮಾನು, ಕಪ್ಪು-ಹಳದಿ ಬಣ್ಣ ಬಳಿದ ಕಲ್ಲುಗಳು, ಎರಡು ಶೋಕಿ ಗಿಡ. ಊರ ನಡುವಿನ ಸೂಪರ್ ಮಾರ್ಕೆಟ್‌ನಿಂದ ಹೊರಟು ಇಪ್ಪತ್ತೆರಡು ನಿಮಿಷಕ್ಕೆ ಮುಟ್ಟಿಸಿ, ಗಡಿಯಾರ ತೋರಿಸಿ ನಕ್ಕ. ಹೆಂಡತಿಗೆ ಅಡುಗೆಮನೆ ಕಿಟಕಿ ಹಿಡಿಸಿತು. ನನಗೆ ರೇಟು ಹಿಡಿಸಿತು. ಒಪ್ಪದೇ ಇದ್ದವರು ನಮ್ಮವ್ವ ಒಬ್ಬರೇ. ಹಿತ್ತಲಿಗೆ ಹೋಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಒಡೆದು ನೋಡಿ, "ಇದು ಎರಿ ಹೊಲ ಅಲ್ಲೇನಪಾ? ಇದರ ಮ್ಯಾಲ ಮನಿ ಹೆಂಗ ನಿಂದರತದ?" ಅಂದರು. "ಈಗೆಲ್ಲ ಆರ್‌ಸಿಸಿ ಇರ್ತದ ಅಮ್ಮಾ" ಅಂದ ಅವನು. ಅವನ ಜೊತೆ ನಾವೂ ನಕ್ಕೆವು.

ಮನೆ ತಗೊಂಡು ಅಲ್ಲಿಗೆ ಹೋದ ಮೊದಲ ವಾರವೇ ಗೊತ್ತಾಗಿದ್ದು ಆ ಇಪ್ಪತ್ತೆರಡು ನಿಮಿಷದ ನಿಜ. ಹದಿನಾಲ್ಕು ಕಿಲೋಮೀಟರ್, ದೂರ ಏನೂ ಅಲ್ಲ, ಬೆಂಗಳೂರಿನವರು ಕೇಳಿದರೆ ನಗ್ತಾರೆ. ಆದರೆ ಬೆಳಿಗ್ಗೆ ಕಪನೂರಿನ ಕೈಗಾರಿಕಾ ಪ್ರದೇಶದ ಹತ್ತಿರ ಲಾರಿಗಳು, ಆಮೇಲೆ ರಿಂಗ್ ರೋಡ್ ದಾಟುವ ಜಾಗ, ಆಮೇಲೆ ಊರೊಳಗಿನ ಗದ್ದಲ. ಬೈಕಿನಲ್ಲಿ ನನಗೆ ಐವತ್ತು ನಿಮಿಷ ಬೇಕಾಯಿತು. ಹೆಂಡತಿ ಸ್ಟೇಷನ್ ಏರಿಯಾದ ಶಾಲೆಯಲ್ಲಿ ಟೀಚರ್. ಅವಳಿಗೆ 2023ರ ಜೂನ್‌ನಿಂದ ಬಸ್ಸು ಫ್ರೀ, ಅದೇ ಲೆಕ್ಕ ಹಾಕಿ ಖುಷಿಪಟ್ಟಿದ್ದೆವು. ಬಸ್ಸು ಫ್ರೀ ಇದ್ದರೇನು ಬಂತು, ಎಕ್ಸ್‌ಪ್ರೆಸ್ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲಲ್ಲ, ಅದು ಅವರ ತಪ್ಪೂ ಅಲ್ಲ, ನಿನ್ನೆ ಮೊನ್ನೆ ಹುಟ್ಟಿದ ಕ್ರಾಸು ಅದು. ನಿಲ್ಲುವ ಬಸ್ಸಿಗೆ ಕಾಯಬೇಕು, ಇಳಿದ ಮೇಲೆ ಒಳಗೆ ಇನ್ನೂ ಎರಡು ಕಿಲೋಮೀಟರ್ ನಡೆಯಬೇಕು. ಬೀದಿ ದೀಪದ ಕಂಬ ಇದ್ದವು, ದೀಪ ಇರಲಿಲ್ಲ. ಪಂಚಾಯಿತಿಗೆ ಹೋದರೆ "ಲೇಔಟ್ ನಮಗಿನ್ನೂ ಹಸ್ತಾಂತರ ಆಗಿಲ್ಲ" ಅಂದರು, ಬಿಲ್ಡರ್ ಹತ್ತಿರ ಹೋದರೆ "ಪಂಚಾಯಿತಿಗೆ ಕೊಟ್ಟಾಗ್ಯದ" ಅಂದ. ಸಂಜೆ ಏಳಕ್ಕೆ ಹೆಂಡತಿ ಕ್ರಾಸಿನಿಂದ ಫೋನ್ ಮಾಡಿದರೆ ನಾನು ಅಂಗಡಿ ಬಿಟ್ಟು ಓಡಬೇಕು. ಮಾಲೀಕರು ಒಳ್ಳೆಯವರು, ಎಷ್ಟು ದಿನ ಅಂತ ಸುಮ್ನೆ ಇರ್ತಾರೆ?

ಆಮೇಲೆ ಮಳೆ ಬಂತು.

ಎರೆ ಮಣ್ಣು ತುಳಿದವರಿಗೆ ಹೇಳಬೇಕಿಲ್ಲ. ಮುರುಮು ಮೊದಲ ಎರಡು ಮಳೆಗೇ ಕೆಳಗಿಳಿದು ಕಾಣದಾಯಿತು, ಮೇಲೆ ಬರೀ ಕರಿ ರಾಡಿ. ಚಪ್ಪಲಿಗೆ ಹತ್ತಿದರೆ ಬಿಡಲ್ಲ, ಹೆಜ್ಜೆಗೊಂದು ಪದರ ಹತ್ತಿ ಹತ್ತಿ ಕಾಲಿಗೆ ಅರ್ಧ ಕಿಲೋ ತೂಕ. ಬೈಕಿನ ಮಡ್‌ಗಾರ್ಡ್‌ನಲ್ಲಿ ಮಣ್ಣು ತುಂಬಿ ಗಾಲಿ ತಿರುಗಲ್ಲ, ಕಡ್ಡಿ ಹಾಕಿ ಕೆರೆಯಬೇಕು. ನಮ್ಮ ಲೇಔಟಿನ ಮಕ್ಕಳೆಲ್ಲ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕ್ರಾಸಿನ ತನಕ ನಡೆದು, ಅಲ್ಲಿ ಶೂ ಹಾಕಿಕೊಂಡು ಸ್ಕೂಲ್ ವ್ಯಾನ್ ಹತ್ತುತ್ತಿದ್ದರು. ವ್ಯಾನಿನವನು ಒಳಗೆ ಬರಲ್ಲ ಅಂತ ಜುಲೈನಲ್ಲೇ ಹೇಳಿಬಿಟ್ಟಿದ್ದ. ಕ್ರಾಸಿನ ಚಹಾ ಅಂಗಡಿಯ ಕಾಕಾ ಪಾಪ, ನೀರಿನ ಡ್ರಮ್ಮಿನ ಹಿಂದೆ ನಮ್ಮ ರಾಡಿ ಚಪ್ಪಲಿಗಳಿಗೆ ಜಾಗ ಮಾಡಿಕೊಟ್ಟಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿ ಇಪ್ಪತ್ತು ಜೊತೆ ಸಾಲಾಗಿ ಇರುತ್ತಿದ್ದವು. ಜಾತ್ರೆಯಲ್ಲಿ ಗುಡಿ ಮುಂದೆ ಬಿಟ್ಟ ಹಾಗೆ.

ರಾಡಿ ಒಣಗುತ್ತದೆ ಬಿಡಿ. ಒಣಗದೇ ಇದ್ದದ್ದು ಶೌಚದ ಗುಂಡಿ. ಒಳಚರಂಡಿ ಇಲ್ಲ, ಪ್ರತಿ ಮನೆಗೆ ಒಂದು ಇಂಗು ಗುಂಡಿ ಅಂತ ಕೊಟ್ಟಿದ್ದರು. ಎರೆ ಮಣ್ಣಿನಲ್ಲಿ ನೀರು ಎಲ್ಲಿ ಇಂಗುತ್ತದೆ? ಅದು ಜಿಗುಟು, ಒಮ್ಮೆ ನೆನೆದರೆ ಹೊಲದಲ್ಲಿ ವಾರಗಟ್ಟಲೆ ನೀರು ನಿಲ್ಲುವಂಥ ಮಣ್ಣು. ಆಗಸ್ಟ್‌ನಲ್ಲಿ ಗುಂಡಿ ತುಂಬಿ ಮೇಲೆ ಬಂತು. ಹೆಚ್ಚು ಬರೆಯಲ್ಲ, ಊಟದ ಹೊತ್ತಿಗೆ ಓದುವವರೂ ಇರ್ತೀರಿ.

ಈಗ ಗೋಡೆ ವಿಷಯ. ಮೊದಲ ಬಿರುಕು ಕಂಡದ್ದು ಹೆಂಡತಿ ಮೆಚ್ಚಿದ ಅದೇ ಅಡುಗೆಮನೆ ಕಿಟಕಿಯ ಮೂಲೆಯಲ್ಲಿ. ಕೂದಲಿನಷ್ಟು, ಓರೆಯಾಗಿ ಮೇಲಕ್ಕೆ ಹೋಗಿತ್ತು. ಸೈಟ್ ಇಂಜಿನಿಯರ್ ಬಂದು, "ಪ್ಲಾಸ್ಟರ್ ಬಿರುಕು ರೀ, ಹೊಸ ಮನಿ ಅಂದ್ರ ಕೂಡ್ತದ" ಅಂತ ಪುಟ್ಟಿ ಮೆತ್ತಿ ಹೋದ. ಅವ್ವ ಕಲಿತದ್ದು ನಾಲ್ಕನೇ ಇಯತ್ತೆ ತನಕ. ಮಗಳ ಕಂಪಾಸಿನಿಂದ ಪೆನ್ಸಿಲ್ ತಗೊಂಡು ಬಿರುಕಿನ ತುದಿಗೆ ಅಡ್ಡ ಗೆರೆ ಎಳೆದು ತಾರೀಖು ಬರೆದರು. ದೀಪಾವಳಿಗೆ ಬಿರುಕು ಆ ಗೆರೆ ದಾಟಿ ನಾಲ್ಕು ಬೆರಳು ಹೋಗಿತ್ತು, ಅಲ್ಲೊಂದು ತಾರೀಖು. ಸಂಕ್ರಾಂತಿಗೆ ಇನ್ನೊಂದು. ಯುಗಾದಿ ಹೊತ್ತಿಗೆ ಬಚ್ಚಲು ಬಾಗಿಲ ಮೇಲೂ ಒಂದು ಶುರುವಾಯಿತು. ಮಳೆಗಾಲದಲ್ಲಿ ಉಬ್ಬಿ ಮುಚ್ಚದೇ ಇದ್ದ ಅದೇ ಬಾಗಿಲು ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ದಾಟಿದಾಗ, ಹಿತ್ತಲ ನೆಲ ಬಾಯಿ ಬಿಟ್ಟಿತ್ತು, ಗೋಡೆಯೂ ಬಿಟ್ಟಿತ್ತು. ಕಿಟಕಿ ಮೂಲೆಯ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು.

ಆಗ ನಾನೇ ದುಡ್ಡು ಕೊಟ್ಟು ಹಳೆಯ ಗೌಂಡಿಯೊಬ್ಬರನ್ನು ಕರೆತಂದೆ. ಮೂಲೆಯಲ್ಲಿ ಅಗೆದು ತೋರಿಸಿದರು. ಪಾಯ ಮೂರು ಅಡಿ. ಅದರೊಳಗೆ ತುಂಬಿದ್ದು ಅಗೆದ ಅದೇ ಕರಿ ಮಣ್ಣು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ವರ್ಷಕ್ಕೊಮ್ಮೆ ಮನೆಯನ್ನು ಎತ್ತಿ ಇಳಿಸಿದ ಹಾಗೆ. ಅದಕ್ಕೇ ಇಲ್ಲಿ ಗಟ್ಟಿ ಮುರುಮು ಅಥವಾ ಬಂಡೆ ಸಿಗುವ ತನಕ ಅಗೆಯಬೇಕು. ಸಿಗದಿದ್ದರೆ ಬುಡದಲ್ಲಿ ಗಡ್ಡೆ ಹಾಗೆ ದಪ್ಪಗಿರುವ ಕಾಂಕ್ರೀಟ್ ಪೈಲ್‌ಗಳನ್ನು ಆ ಅಲುಗಾಡುವ ಪದರದ ಕೆಳಗೆ ಇಳಿಸಿ, ಮೇಲೆ ಬೀಮಿನಿಂದ ಕಟ್ಟಬೇಕು. ಪಾಯದ ಸುತ್ತ ತುಂಬುವುದು ಮುರುಮು, ಎರೆ ಮಣ್ಣು ಅಲ್ಲವೇ ಅಲ್ಲ. ಇದೇನು ಗುಟ್ಟಲ್ಲ, ಊರಿನ ಪ್ರತಿ ಗೌಂಡಿಗೂ ಗೊತ್ತು. ಅವ್ವನಿಗೂ ಗೊತ್ತಿತ್ತು. ನೀವು ಮನೆ ನೋಡಲು ಹೋದಾಗ ಪಕ್ಕದಲ್ಲಿ ಇನ್ನೂ ಕಟ್ಟುತ್ತಿರುವ ಮನೆಯ ಪಾಯಕ್ಕೆ ಇಣುಕಿ ನೋಡಿ. ಟೈಲ್ಸ್ ಆಮೇಲೆ ನೋಡಬಹುದು.

ಇಷ್ಟಾದ ಮೇಲೆ ಕಾಗದ ತೆಗೆದು ಕೂತೆ. ಕೊಳ್ಳುವ ಮುಂಚೆ ಕೂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. "ಎನ್‌ಎ ಆಗ್ಯದ ಸರ" ಅನ್ನುವ ಮಾತಿಗೆ ನಾವೆಲ್ಲ ಬೀಳುತ್ತೇವೆ. ಎನ್‌ಎ ಅಂದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಹೊಲ ಕೃಷಿಯೇತರ ಅಂತ ಬದಲಾಗಿದೆ, ಅಷ್ಟೇ. ಅದರ ಮೇಲೆ ರಸ್ತೆ, ಚರಂಡಿ, ಪಾರ್ಕು ಎಲ್ಲಿ ಬರಬೇಕು ಅನ್ನುವ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇರೆಯೇ ಇರುತ್ತದೆ. ನಮ್ಮ ಭಾಗಕ್ಕೆ ಅದು ಆಗಿರಲಿಲ್ಲ, ಮುಂದಿನ ಭಾಗಕ್ಕೆ ಮಾತ್ರ ಆಗಿತ್ತು. ತೋರಿಸಿದ್ದು ಮುಂದಿನ ಭಾಗದ ನಕ್ಷೆ. ಹಾಗಾಗಿ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆಯಲ್ಲಿ, ನಮಗೆ ಒಪ್ಪಿಗೆ ಇರುವ ಆಸ್ತಿಯ ನಮೂನೆ 11ಎ ಬದಲು ಒಪ್ಪಿಗೆ ಇಲ್ಲದ್ದರ 11ಬಿ ಬಂತು, ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಾಗದ ತಿರುಗಿಸಿ ನಮ್ಮ ಕಡೆಗೇ ಸರಿಸಿದರು. ಬಿಲ್ಡರೇ ಒಂದು ಫೈನಾನ್ಸ್ ತೋರಿಸಿದ. ಬಡ್ಡಿ ಎಷ್ಟು ಅಂತ ಬರೆಯಲು ನಾಚಿಕೆಯಾಗುತ್ತದೆ.

ರೇರಾ (ಮನೆ, ಸೈಟು ಮಾರುವ ಬಿಲ್ಡರ್‌ಗಳನ್ನು ಹಿಡಿತದಲ್ಲಿಡುವ ಕಾಯ್ದೆ) ನಂಬರ್ ಕೇಳಬೇಕಿತ್ತಲ್ಲ ಅಂತೀರಾ? ಕೇಳಿದ್ದೆವು. ಕೊಟ್ಟ. ಉದ್ದದ ನಂಬರ್, ಬ್ರೋಷರ್ ಮೇಲೂ ಅಚ್ಚು ಹಾಕಿಸಿದ್ದ. ಆದರೆ ಅದು ಎಸಿಕೆ ಅಂತ ಶುರುವಾಗುತ್ತಿತ್ತು. ಅದು ಅರ್ಜಿ ಕೊಟ್ಟಿದ್ದಕ್ಕೆ ಸಿಗುವ ರಸೀದಿ. ನಿಜವಾಗಿ ನೋಂದಣಿಯಾದದ್ದು ಪಿಆರ್‌ಎಂ ಅಂತ ಶುರುವಾಗುತ್ತದೆ, ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಹಾಕಿದರೆ ನಕ್ಷೆ, ಸರ್ವೆ ನಂಬರ್ ಎಲ್ಲ ಕಾಣುತ್ತದೆ, ನಿಮ್ಮ ಮನೆ ಆ ಸರ್ವೆ ನಂಬರಿನೊಳಗೇ ಇದೆಯಾ ಅಂತ ಪಹಣಿ ಜೊತೆ ಇಟ್ಟು ನೋಡಬಹುದು, ಹತ್ತು ನಿಮಿಷದ ಕೆಲಸ. 500 ಚದರ ಮೀಟರ್ ತನಕದ ಜಾಗಕ್ಕೆ, 8 ಮನೆ ತನಕದ ಯೋಜನೆಗೆ ನೋಂದಣಿ ಬೇಡ ಅಂತಲೂ ಇದೆ. ಅದನ್ನೇ ಹಿಡಿದು ಒಂದೇ ಲೇಔಟನ್ನು ಹೋಳು ಹೋಳು ಮಾಡಿ, ಅಣ್ಣನ ಹೆಸರಲ್ಲಿ ಆರು, ತಮ್ಮನ ಹೆಸರಲ್ಲಿ ಎಂಟು ಅಂತ ಮಾರುವವರೂ ಇದ್ದಾರೆ. ಇನ್ನೊಂದು. ನೋಂದಣಿಯಾದ ಕರಾರು ಆಗುವ ಮುಂಚೆ ಬೆಲೆಯ 10 ಪರ್ಸೆಂಟ್‌ಗಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಂತ 2016ರ ಆ ಕಾಯ್ದೆಯಲ್ಲೇ ಇದೆ. ನಾವು ಆರು ಲಕ್ಷ ಕೊಟ್ಟಿದ್ದೆವು, ಬಿಳಿ ಚೀಟಿ ಮೇಲೆ. ನಾನು ಅಕೌಂಟ್ಸ್ ಬರೆಯುವವನು ಅಂತ ಇಲ್ಲಿ ಹೇಳಲೇಬೇಕು, ನಗೋರು ನಗಬಹುದು.

ಬಿರುಕಿಗೆ ಏನು ಮಾಡಿದೆ ಅಂದರೆ, ಮನೆ ಕೈಗೆ ಬಂದು 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿ ಮಾಡಿಕೊಡಬೇಕು. ಅದೇ ಕಾಯ್ದೆಯ 14ನೇ ಕಲಂ. ಫೋನಿನಲ್ಲಿ ಕೂಗಾಡಿದ್ದಕ್ಕೆ ಸಾಕ್ಷಿ ಇರಲ್ಲ, ಬರೆದು ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಕೀಲರು ಅವ್ವನ ತಾರೀಖುಗಳ ಫೋಟೋ ನೋಡಿ ಮೊದಲ ಸಲ ನಕ್ಕರು. "ಇದು ಚಲೋ ಅದ" ಅಂದರು. ಕೇಸು ನಡೆಯುತ್ತಿದೆ.

ನಾವೀಗ ಬ್ರಹ್ಮಪುರದಲ್ಲಿ ಬಾಡಿಗೆಗೆ ಇದ್ದೇವೆ. ಆ ಕಡೆ ಕಂತು, ಈ ಕಡೆ ಬಾಡಿಗೆ. ಮಗಳು ಶಾಲೆಗೆ ನಡೆದು ಹೋಗುತ್ತಾಳೆ. ನೀವು ಹೋಗಲೇಬೇಕು ಅಂತಿದ್ದರೆ ಜುಲೈನಲ್ಲಿ ನೋಡಿ, ಸೋಮವಾರ ನೋಡಿ, ನಿಮ್ಮದೇ ಬೈಕಿನಲ್ಲಿ ಹೋಗಿ, ಸಂಜೆ ಏಳರ ಮೇಲೆ ಇನ್ನೊಂದು ಸಲ ಹೋಗಿ. ಅಲ್ಲಿ ಈಗಾಗಲೇ ಇರುವವರ ಮನೆ ಕದ ತಟ್ಟಿ ನೀರು ಕೇಳಿ. ಕೊಟ್ಟ ಲೋಟದ ಜೊತೆ ಎಲ್ಲ ಕಥೆಯೂ ಬರುತ್ತದೆ.

ಕಳೆದ ಭಾನುವಾರ ಮನೆ ಗುಡಿಸಲು ಹೋಗಿದ್ದೆ. ಪಕ್ಕದ ಖಾಲಿ ಮನೆ ತೋರಿಸಲು ಅದೇ ಬ್ರೋಕರ್ ಬಂದಿದ್ದ, ಜೊತೆಗೆ ಒಬ್ಬ ಗಂಡ, ಹೆಂಡತಿ, ಸಣ್ಣ ಕೂಸು. ನಮ್ಮ ಬಾಗಿಲು ತೆರೆದಿದ್ದು ನೋಡಿ ಆಕೆ ಒಳಗೆ ಇಣುಕಿದರು, ಅಡುಗೆಮನೆ ತನಕ ಬಂದರು. ಕಿಟಕಿ ಪಕ್ಕದ ಪೆನ್ಸಿಲ್ ಗೆರೆ ನೋಡಿ, "ಇವು ಏನ್ರಿ, ತಾರೀಖು?" ಅಂದರು. ನಾನು ಬಾಯಿ ತೆರೆಯುವ ಮುಂಚೆಯೇ ಅವನು ಹೇಳಿದ, "ಹಾಲಿನ ಲೆಕ್ಕ ಇರಬೇಕ್ರಿ ಅಕ್ಕಾ."

ನಾನು ಜೇಬಿನಿಂದ ಐದು ರೂಪಾಯಿ ತೆಗೆದು ಆಕೆಯ ಕೈಗೆ ಕೊಟ್ಟೆ.