ಹಾರುಬೂದಿಯ ಜಿಯೋಲೈಟ್ ಗುಳಿಗೆ: ಪೇಂಟ್ ಬೂತಿನಲ್ಲಿ ಬಳಸಿ ನೋಡಿದ್ದು

ಪೀಣ್ಯದ ನಮ್ಮ ಪೇಂಟಿಂಗ್ ಘಟಕದಲ್ಲಿ ಥಿನ್ನರ್‌ನ ಟೊಲ್ಯೂಯಿನ್ ಆವಿಯನ್ನು ಹಿಡಿಯಲು ತೆಂಗಿನ ಚಿಪ್ಪಿನ ಸಕ್ರಿಯ ಇಂಗಾಲವನ್ನೇ ಬಳಸುತ್ತಿದ್ದೆವು. ಈ ಬಾರಿ ಅದರ ಬದಲು, ಕಲ್ಲಿದ್ದಲಿನ ಹಾರುಬೂದಿಯಿಂದ ತಯಾರಾದ ಜಿಯೋಲೈಟ್ (ಆವಿಯನ್ನು ಹೀರಿಕೊಳ್ಳುವ ಅತಿ ಸಣ್ಣ ರಂಧ್ರಗಳ ಹರಳು) ಗುಳಿಗೆಗಳನ್ನು ತುಂಬಿ ಮೂರು ತಿಂಗಳು ನಡೆಸಿದೆ. 1985ರಿಂದ ಉರಿಯುತ್ತಿರುವ ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆಗಳ ಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗುವುದನ್ನಷ್ಟೇ ಕಂಡಿದ್ದ ನನಗೆ, ಅದೇ ಬೂದಿ ಬೂತಿನಿಂದ ಹೊರಹೋಗುವ ಗಾಳಿಯನ್ನು ಶುದ್ಧಗೊಳಿಸುವುದನ್ನು ನೋಡಿ ನಿಜಕ್ಕೂ ಸಂತೋಷವಾಯಿತು.

ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದಾಗ, ಗಾಜಿನಂಥ ಸಣ್ಣ ಗೋಲಿಗಳು ಕರಗಿ, ರಂಧ್ರಗಳುಳ್ಳ ಹರಳುಗಳಾಗಿ ಕೂಡಿಕೊಳ್ಳುತ್ತವೆ. ಈ ಕೆಲಸ ಅರೆಬರೆಯಾಗಿದ್ದರೆ ಕೈಗೆ ಬರುವುದು ಬರೀ ಬೂದಿ. ಆದ್ದರಿಂದ ಚೀಲ ಒಡೆದ ಕೂಡಲೇ ಒಂದು ಹಿಡಿ ಒಣ ಗುಳಿಗೆಯನ್ನು ಸ್ಟೀಲ್ ಲೋಟಕ್ಕೆ ಹಾಕಿ ನೀರು ಸುರಿದೆ: ಸಣ್ಣ ಗುಳ್ಳೆಗಳು ಎದ್ದವು, ಲೋಟ ಹಿಡಿದಿರಲಾಗದಷ್ಟು ಬಿಸಿಯಾಯಿತು. ನೀರನ್ನು ಹೀರುವಾಗ ಶಾಖ ಬಿಡುವುದು ಒಣಗಿಸಿದ ಜಿಯೋಲೈಟಿನ ಗುಣ. ಸಾದಾ ಹಾರುಬೂದಿ ಹೀಗೆ ಕಾಯುವುದಿಲ್ಲ.

ಇದೇ ಗುಣ ಮೊದಲ ವಾರ ನಮಗೆ ಮುಳುವಾಯಿತು. ಹಾರುವ ಬಣ್ಣವನ್ನು ಹಿಡಿಯಲು ನೀರಿನ ಪರದೆಯಿರುವ ಬೂತಿನ ಗಾಳಿಯನ್ನು ನೇರವಾಗಿ ಹಾಯಿಸಿದ್ದರಿಂದ ಗುಳಿಗೆಗಳು ಟೊಲ್ಯೂಯಿನ್‌ಗಿಂತ ಮೊದಲು ತೇವವನ್ನೇ ತುಂಬಿಕೊಂಡವು, ನಾಲ್ಕನೆಯ ದಿನಕ್ಕೇ ಥಿನ್ನರ್ ವಾಸನೆ ಹೊರಬಿತ್ತು. ಅವನ್ನು 300 ಡಿಗ್ರಿಯಲ್ಲಿ ಕಾಯಿಸಿ, ಒಣ ಫಿಲ್ಟರಿನ ಬೂತಿಗೆ ಸ್ಥಳಾಂತರಿಸಿದ ಮೇಲೆ ಅಂಥ ದೂರು ಬರಲಿಲ್ಲ. ತೇವದ ಗಾಳಿಗೆ ಇಂದಿಗೂ ಇಂಗಾಲವೇ ಮೇಲು. ಆದರೆ ತುಂಬಿಟ್ಟ ಇಂಗಾಲ ಬಿಸಿಯಾಗಿ ಹೊತ್ತಿಕೊಳ್ಳುವ ಭಯವಿದೆ. ಜಿಯೋಲೈಟ್ ತಾನಾಗಿ ಉರಿಯುವ ವಸ್ತುವಲ್ಲ. ದ್ರಾವಕಗಳ ನಡುವೆ ದುಡಿಯುವ ಹುಡುಗರ ಮಟ್ಟಿಗೆ ಇದು ದೊಡ್ಡ ಮಾತು.

ಮಾರಾಟಗಾರರ ಮೇಲೆ ನನ್ನ ಆಕ್ಷೇಪ ಎರಡು. ಚೀಲದ ತಳದಲ್ಲಿ ಪುಡಿ ಹೆಚ್ಚಿದ್ದು, ಜರಡಿ ಹಿಡಿಯದೆ ತುಂಬಿದಾಗ ಮಾನೋಮೀಟರಿನಲ್ಲಿ ಒತ್ತಡ ಏರಿತು. ಅದಕ್ಕಿಂತ ಗಂಭೀರವಾದದ್ದು, ಹರಳಿನ ಬಗೆ ಯಾವುದೆಂದು ಚೀಟಿಯಲ್ಲಿ ಬರೆದಿರಲಿಲ್ಲ. 4ಎ ಬಗೆಯ ರಂಧ್ರ ಸುಮಾರು 0.4 ನ್ಯಾನೋಮೀಟರ್ ಮಾತ್ರ, ಟೊಲ್ಯೂಯಿನ್ ಅಣು ಅದರೊಳಗೆ ನುಗ್ಗಲಾರದು. ನಮಗೆ ಬೇಕಾದದ್ದು ಅಗಲ ಬಾಯಿಯ 13ಎಕ್ಸ್. ಫೋನಿನಲ್ಲಿ ಎರಡು ಬಾರಿ ಕೇಳಿದ ಮೇಲೆ ಅದೇ ಎಂದು ಹೇಳಿದರು. ಮುಂದಿನ ಆರ್ಡರಿನಲ್ಲಿ ಬಗೆಯ ಹೆಸರನ್ನೂ ಜರಡಿಯ ಅಳತೆಯನ್ನೂ ಲಿಖಿತವಾಗಿ ಕೇಳಿದ್ದೇನೆ.